ಎರೆನೆಲದ ರಸ್ತೆಗೆ ಎಷ್ಟು ಹವಾ?

ರೋಡ್ ಬೈಕಿನ ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಒರೆಸಿ ನೋಡಿದರೆ ಉಬ್ಬು ಅಕ್ಷರಗಳಲ್ಲಿ ಒಂದು ಸಂಖ್ಯೆ ಕಾಣಿಸುತ್ತದೆ: ಗರಿಷ್ಠ 100, 115 ಅಥವಾ 120 ಪಿಎಸ್‌ಐ. ಒಂದು ಚದರ ಅಂಗುಲದ ಮೇಲೆ ಅಷ್ಟು ಪೌಂಡ್ ಒತ್ತಡ ಎಂದು ಅದರ ಅರ್ಥ. ಇದನ್ನು ಮೀರಬೇಡಿ ಎಂದು ಟೈರು ಮಾಡಿದವರು ಬರೆದಿದ್ದನ್ನು ನಾವು ಇಲ್ಲಿಯವರೆಗೆ ತುಂಬಿ ಎಂದು ಓದಿಕೊಂಡುಬಿಡುತ್ತೇವೆ. ಕಲಬುರಗಿ ಕಡೆ ಸೈಕಲ್ ಅಂಗಡಿಗೆ ಹೋದವರು "ಹವಾ ಟೈಟ್ ಹಾಕ್ರಿ, ಕಲ್ಲಿನಂಗ ಆಗ್ಲಿ" ಎನ್ನುವುದು, ಹಾಕಿದವರು ಹೆಬ್ಬೆರಳಿನಿಂದ ಒತ್ತಿ "ಬರೋಬ್ಬರಿ ಅದ ನೋಡ್ರಿ" ಎನ್ನುವುದು ರೂಢಿ. ಹಿಂದಿನ ಕ್ಯಾರಿಯರ್ ಮೇಲೆ ಚೀಲ ಹೇರಿಕೊಂಡು ಹೋಗುವ ಹಳೆಯ ದಪ್ಪ ಟೈರಿನ ಸೈಕಲ್ಲಿಗೆ ಆ ರೂಢಿ ಸಲ್ಲುತ್ತದೆ. ಬೆಳಗಿನ ಜಾವ ಹುಮನಾಬಾದ್ ಬೇಸ್ ದಾಟಿ ಕಮಲಾಪುರದವರೆಗೆ ಹೋಗಿ ಬರಬೇಕೆನ್ನುವ ರೋಡ್ ಬೈಕಿಗೆ, ಟ್ರಯಥ್ಲಾನ್‌ಗೆಂದು ತಯಾರಾಗುವವರ ಸೈಕಲ್ಲಿಗೆ ಅದು ಸಲ್ಲುವುದಿಲ್ಲ. ಟೈರಿನ ಮೇಲೆ ಬರೆದಿರುವ ಗರಿಷ್ಠಕ್ಕಿಂತ ಮೂವತ್ತು ನಲವತ್ತು ಪಿಎಸ್‌ಐ ಕಡಿಮೆ ತುಂಬಿದ ಟೈರೇ ಈ ಸೀಮೆಯ ರಸ್ತೆಗಳಲ್ಲಿ ಹೆಚ್ಚು ಬೇಗ ಓಡುತ್ತದೆ ಎಂಬುದು ಈ ಲೇಖನದ ವಾದ. ಕೇಳಿದ ಕೂಡಲೇ ಇದು ತಲೆಕೆಳಗಾದ ಮಾತು ಅನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೆ ಕಾರಣವಿದೆ, ಅದಕ್ಕೆ ಉತ್ತರವೂ ಇದೆ.

ಗಟ್ಟಿಯಾದದ್ದೇ ಬೇಗ ಉರುಳುವುದಾದರೆ ಟೈರಿಗೆ ಗಾಳಿಯೇ ಬೇಕಿರಲಿಲ್ಲ. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿ 1888ರಲ್ಲಿ ಪೇಟೆಂಟ್ ಪಡೆದಾಗ ರೇಸಿನ ಸೈಕಲ್ಲುಗಳೆಲ್ಲ ಓಡುತ್ತಿದ್ದುದು ಗಟ್ಟಿ ರಬ್ಬರಿನ ಮೇಲೆ. ಮರುವರ್ಷವೇ ವಿಲಿ ಹ್ಯೂಮ್ ಎಂಬ ಸವಾರ ಆ ಊದಿದ ಟೈರು ಹಾಕಿಕೊಂಡು ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಒಂದಾದ ಮೇಲೊಂದು ಗೆದ್ದ. ಗಟ್ಟಿ ರಬ್ಬರಿಗಿಂತ ಗಟ್ಟಿ ಟೈರಿಲ್ಲ, ಆದರೂ ಅದೇ ಸೋತಿತು. ಚಕ್ರಕ್ಕೆ ಸಣ್ಣ ಹರಳೊಂದು ಸಿಕ್ಕರೆ ಗಟ್ಟಿ ಟೈರು ಅದರ ಮೇಲೆ ಹತ್ತಿ ಇಳಿಯಬೇಕು, ಅಂದರೆ ಸೈಕಲ್ಲನ್ನೂ ಸವಾರನನ್ನೂ ಕೂದಲೆಳೆಯಷ್ಟು ಎತ್ತಿ ಇಳಿಸಬೇಕು. ಆ ಎತ್ತುವ ಕೆಲಸಕ್ಕೆ ಶಕ್ತಿ ಬರುವುದು ಮುಂದಕ್ಕೆ ಓಡುವ ವೇಗದಿಂದಲೇ. ಗಾಳಿಯ ಟೈರು ಹರಳನ್ನು ತನ್ನೊಳಗೆ ತಗ್ಗಿಸಿಕೊಂಡು ಮುಂದೆ ಸಾಗುತ್ತದೆ, ಸವಾರ ಇದ್ದಲ್ಲೇ ಇರುತ್ತಾನೆ. ಗಾಳಿಯನ್ನು ಕಲ್ಲಿನಂತಾಗುವವರೆಗೆ ತುಂಬಿದರೆ ಡನ್‌ಲಪ್ ಬಿಡಿಸಿಕೊಟ್ಟ ಗಟ್ಟಿ ರಬ್ಬರಿಗೆ ನಾವೇ ದುಡ್ಡು ಕೊಟ್ಟು ಮರಳಿದಂತಾಗುತ್ತದೆ.

ಉರುಳುವ ಟೈರು ಶಕ್ತಿ ಕಳೆಯುವ ದಾರಿ ಎರಡು. ಮೊದಲನೆಯದು ಟೈರಿನ ಒಳಗೇ ನಡೆಯುತ್ತದೆ: ನೆಲ ಮುಟ್ಟಿದ ಭಾಗ ಬಾಗಿ ಮತ್ತೆ ನೆಟ್ಟಗಾಗುವಾಗ ರಬ್ಬರು ಸ್ವಲ್ಪ ಬಿಸಿಯಾಗುತ್ತದೆ, ಆ ಬಿಸಿ ಸವಾರನ ತುಳಿತದಿಂದ ಬಂದದ್ದು. ಗಾಳಿ ಹೆಚ್ಚಿಸಿದಷ್ಟೂ ಬಾಗುವುದು ಕಡಿಮೆ, ಈ ನಷ್ಟವೂ ಕಡಿಮೆ. ನುಣುಪಾದ ಉಕ್ಕಿನ ಡ್ರಮ್ಮಿನ ಮೇಲೆ ಟೈರು ಓಡಿಸಿ ಅಳೆಯುವ ಪ್ರಯೋಗಾಲಯಗಳಲ್ಲಿ ಕಾಣುವುದು ಇದೊಂದೇ ನಷ್ಟ, ಹಾಗಾಗಿ ಅಲ್ಲಿ ಹೆಚ್ಚು ಗಾಳಿಯ ಟೈರು ಯಾವಾಗಲೂ ಗೆಲ್ಲುತ್ತದೆ. ಗೆದ್ದರೂ ಲಾಭ ಬಹಳ ಸಣ್ಣದು: ಒಳ್ಳೆಯ ಟೈರಿನಲ್ಲಿ 80ರಿಂದ 100 ಪಿಎಸ್‌ಐಗೆ ಏರಿಸಿದರೆ ಉಳಿಯುವುದು ಚಕ್ರಕ್ಕೆ ಒಂದೆರಡು ವ್ಯಾಟ್. ಎರಡನೆಯ ನಷ್ಟ ಡ್ರಮ್ಮಿನ ಮೇಲೆ ಕಾಣುವುದಿಲ್ಲ. ಅದು ಸವಾರನ ಮೈಯಲ್ಲಿ ನಡೆಯುತ್ತದೆ. ರಸ್ತೆಯ ಉಬ್ಬುತಗ್ಗು ಟೈರಿನಲ್ಲಿ ಅಡಗದಿದ್ದರೆ ಅದು ಚೌಕಟ್ಟು, ಸೀಟು, ತೊಡೆ, ಬೆನ್ನು, ತೋಳುಗಳಿಗೆ ಏರಿ ಅಲ್ಲಿನ ಮಾಂಸಖಂಡಗಳಲ್ಲಿ ಕರಗಿಹೋಗುತ್ತದೆ. ಅಮೆರಿಕದ 'ಬೈಸಿಕಲ್ ಕ್ವಾರ್ಟರ್ಲಿ' ಪತ್ರಿಕೆಯ ಸಂಪಾದಕ ಯಾನ್ ಹೈನೆ ಹೆದ್ದಾರಿಯ ಅಂಚಿನ ರಂಬಲ್ ಸ್ಟ್ರಿಪ್ ಮೇಲೆಯೇ ಸೈಕಲ್ ಓಡಿಸಿ, ನುಣುಪು ಡಾಂಬರಿಗೆ ಹೋಲಿಸಿದರೆ ಎಷ್ಟೊಂದು ಹೆಚ್ಚು ಶಕ್ತಿ ಬೇಕಾಗುತ್ತದೆ ಎಂದು ಅಳೆದು ತೋರಿಸಿದರು. ಚಕ್ರ ತಯಾರಿಸುವ ಜಿಪ್ ಕಂಪನಿಯಲ್ಲಿ ತಾಂತ್ರಿಕ ಮುಖ್ಯಸ್ಥರಾಗಿದ್ದು ಆಮೇಲೆ ಪಂಪು ತಯಾರಿಸುವ ಸಿಲ್ಕಾಗೆ ಹೋದ ಜೋಶ್ ಪೋರ್ಟ್ನರ್ ಈ ನಷ್ಟ ಮೇಲುಗೈ ಪಡೆಯುವ ಹಂತಕ್ಕೆ 'ಬ್ರೇಕ್‌ಪಾಯಿಂಟ್' ಎಂದು ಹೆಸರಿಟ್ಟರು. ಗಾಳಿ ಏರಿಸುತ್ತ ಹೋದಂತೆ ಪ್ರತಿರೋಧ ನಿಧಾನವಾಗಿ ಇಳಿಯುತ್ತದೆ, ಒಂದು ಹಂತ ದಾಟಿದ ಮೇಲೆ ಥಟ್ಟನೆ ಏರತೊಡಗುತ್ತದೆ. ಇಳಿಯುವಾಗ ನಿಧಾನ, ಏರುವಾಗ ಕಡಿದು. ಆ ಹಂತಕ್ಕಿಂತ ಹತ್ತು ಪಿಎಸ್‌ಐ ಕೆಳಗಿದ್ದರೆ ಆಗುವ ನಷ್ಟ ಅಲ್ಪ, ಹತ್ತು ಮೇಲಿದ್ದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಹೆಚ್ಚು. ಲೆಕ್ಕ ಖಚಿತವಿಲ್ಲದಿದ್ದರೆ ಕೆಳಗೇ ಇರುವುದು ಜಾಣತನ. ಆ ಹಂತ ಎಲ್ಲಿದೆ ಎಂಬುದನ್ನು ತೀರ್ಮಾನಿಸುವುದು ರಸ್ತೆ.

ನಮ್ಮ ರಸ್ತೆ ಎಂಥದು? ಕಲಬುರಗಿಯಿಂದ ಕಮಲಾಪುರಕ್ಕೆ ಮೂವತ್ತೈದು ಕಿಲೋಮೀಟರಿನ ಆಸುಪಾಸು, ಹೋಗಿ ಬಂದರೆ ಎಪ್ಪತ್ತು. ರಾಷ್ಟ್ರೀಯ ಹೆದ್ದಾರಿ 50. ಸೈಕಲ್ ಮಂದಿಗೆ ಅಳತೆ ಮಾಡಿಟ್ಟಂಥ ದೂರ. ಊರು ಬಿಟ್ಟ ಮೇಲೆ ಎರಡೂ ಕಡೆ ತೊಗರಿ ಬೆಳೆಯುವ ಎರೆಭೂಮಿ. ಈ ಕಪ್ಪು ಮಣ್ಣಿನ ಗುಣ ರೈತರಿಗೆ ಗೊತ್ತಿರುವಷ್ಟೇ ರಸ್ತೆ ಎಂಜಿನಿಯರುಗಳಿಗೂ ಗೊತ್ತು: ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ವರ್ಷಕ್ಕೊಮ್ಮೆ ಏರಿ ಇಳಿದು ಅಲೆಯಲೆಯಾಗುತ್ತದೆ. ನೀರು ಸೇರುವುದೂ ಆರುವುದೂ ಅಂಚಿನಲ್ಲೇ ಹೆಚ್ಚಾದ್ದರಿಂದ ಉದ್ದುದ್ದ ಬಿರುಕು ಮೊದಲು ಬೀಳುವುದು ಅಲ್ಲಿ, ಕುಸಿಯುವುದೂ ಮೊದಲು ಅಲ್ಲೇ. ಲಾರಿ, ಬಸ್ಸುಗಳಿಗೆ ದಾರಿ ಬಿಟ್ಟು ಎಡ ಅಂಚು ಹಿಡಿದು ಹೋಗುವ ಸೈಕಲ್ಲಿನ ಪಾಲಿಗೆ ಬರುವುದು ಹೀಗೆ ರಸ್ತೆಯ ಅತಿ ಕೆಟ್ಟ ಅಡಿಯಗಲ. ಕಾರಿನಲ್ಲಿ ಹೋದವರು ರಸ್ತೆ ಮಸ್ತ್ ಅದ ಎಂದಾಗ ಅವರು ಹೇಳುತ್ತಿರುವುದು ನಡುರಸ್ತೆಯ ಮಾತು. ಇದರ ಜೊತೆಗೆ ಮಹಾಗಾಂವ ಕ್ರಾಸಿನಂಥ ಕಡೆ ಹಂಪು, ಬಿಳಿ ಪಟ್ಟಿಗಳ ಸಾಲು, ಸೇತುವೆಗಳ ಮೇಲೆ ಜೋಡಣೆಯ ಸಂದು. ಕಮಲಾಪುರ ಹತ್ತಿರವಾದಂತೆ ನೆಲ ಕೆಂಪಾಗುತ್ತದೆ, ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಯ ಸೀಮೆ ಅದು. ನೆಲದ ಬಣ್ಣ ಬದಲಾದರೂ ರಸ್ತೆಯಂಚಿನ ಹರಳು ಬದಲಾಗುವುದಿಲ್ಲ. ನಗರದೊಳಗಿನ ಸಿಸಿ ರಸ್ತೆಗಳ ಕಥೆ ಬೇರೆ, ಅಲ್ಲಿ ಹಲಗೆ ಹಲಗೆಗಳ ನಡುವಿನ ಗೀರು ಎಣಿಸಿದಷ್ಟೂ ಇದೆ. ಒಟ್ಟಿನಲ್ಲಿ ಯುರೋಪಿನ ನುಣುಪು ಡಾಂಬರಿನ ಲೆಕ್ಕದಲ್ಲಿ ಹೇಳಿದ ಯಾವ ಸಂಖ್ಯೆಯನ್ನೂ ಇಲ್ಲಿಗೆ ತರುವಾಗ ಇಳಿಸಿಕೊಂಡೇ ತರಬೇಕು.

ಹಾಗಾದರೆ ಎಷ್ಟು? ಎಪ್ಪತ್ತು ಕಿಲೋ ತೂಗುವ ಸವಾರ, ಸೈಕಲ್, ನೀರಿನ ಬಾಟಲಿ ಸೇರಿ ಒಟ್ಟು ಎಂಬತ್ತು ಕಿಲೋ ಎಂದುಕೊಳ್ಳೋಣ. ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕಿನಲ್ಲಿ ಹಿಂದಿನ ಚಕ್ರದ ಮೇಲೆ ಸುಮಾರು 44 ಕಿಲೋ, ಮುಂದಿನದರ ಮೇಲೆ 36 ಕಿಲೋ ಬೀಳುತ್ತದೆ. 25 ಮಿಲಿಮೀಟರ್ ಅಗಲದ ಟೈರಾದರೆ ಹಿಂದೆ 80, ಮುಂದೆ 75; 28 ಮಿ.ಮೀ. ಆದರೆ ಹಿಂದೆ 70, ಮುಂದೆ 65; 32 ಮಿ.ಮೀ. ಆದರೆ ಹಿಂದೆ 55, ಮುಂದೆ 50. ಇದು ಶುರು ಮಾಡುವ ಜಾಗ, ಮುಟ್ಟಬೇಕಾದ ಗುರಿಯಲ್ಲ. ಮೈತೂಕ ಹತ್ತು ಕಿಲೋ ಹೆಚ್ಚಿದ್ದರೆ ಆರರಿಂದ ಎಂಟು ಪಿಎಸ್‌ಐ ಏರಿಸಬೇಕು, ಕಡಿಮೆಯಿದ್ದರೆ ಅಷ್ಟೇ ಇಳಿಸಬೇಕು. ಐವತ್ತು ಕಿಲೋದ ಹುಡುಗಿಗೂ ತೊಂಬತ್ತು ಕಿಲೋದ ಗೃಹಸ್ಥರಿಗೂ ಒಂದೇ ಹವಾ ಹಾಕಿ ಕಳಿಸುವುದು ಇಬ್ಬರಿಗೂ ಅನ್ಯಾಯ. ಇದರ ಹಿಂದಿನ ಗಣಿತ ಶಾಲೆಯದೇ: ಚಕ್ರದ ಮೇಲಿನ ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲ ಮುಟ್ಟುವ ಜಾಗದ ಅಳತೆ ಸಿಗುತ್ತದೆ. 44 ಕಿಲೋ ಭಾರಕ್ಕೆ 120 ಪಿಎಸ್‌ಐ ತುಂಬಿದರೆ ಆ ಜಾಗ ಸುಮಾರು ಐದು ಚದರ ಸೆಂಟಿಮೀಟರ್, 70 ತುಂಬಿದರೆ ಒಂಬತ್ತರ ಹತ್ತಿರ. ತಿರುವಿನಲ್ಲಿ, ಬ್ರೇಕಿನಲ್ಲಿ ಇಡೀ ಸೈಕಲ್ಲು ನೆಲಕ್ಕೆ ಅಂಟಿಕೊಂಡಿರುವುದು ಅಷ್ಟೇ ಅಂಗೈ ತುಣುಕಿನಲ್ಲಿ.

ಹೆಬ್ಬೆರಳಿನ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಟೈರಿನ ಹೊದಿಕೆ ಎಷ್ಟು ಬಿಗಿದಿದೆ ಎಂಬುದು ಒಳಗಿನ ಒತ್ತಡವನ್ನು ಮಾತ್ರ ಅವಲಂಬಿಸಿಲ್ಲ, ಒತ್ತಡ ಮತ್ತು ಅಗಲದ ಗುಣಲಬ್ಧವನ್ನು ಅವಲಂಬಿಸಿದೆ. 32 ಮಿ.ಮೀ. ಟೈರಿಗೆ 60 ಪಿಎಸ್‌ಐ ಹಾಕಿದರೂ 25 ಮಿ.ಮೀ. ಟೈರಿಗೆ 77 ಹಾಕಿದಷ್ಟೇ ಬೆರಳಿಗೆ ಬಿಗಿ ಹತ್ತುತ್ತದೆ. 80ಕ್ಕೂ 110ಕ್ಕೂ ಇರುವ ವ್ಯತ್ಯಾಸವಂತೂ ಯಾವ ಬೆರಳಿಗೂ ತಿಳಿಯುವುದಿಲ್ಲ, ಎರಡೂ ಕಲ್ಲೇ. ಅಳತೆ ಕಡ್ಡಿಯೊಂದಿದ್ದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮಾಡಬಹುದು. ಸೈಕಲ್ಲನ್ನು ಗೋಡೆಗೆ ಒರಗಿಸಿ ಹಿಂದಿನ ಚಕ್ರದ ರಿಮ್ಮಿನ ಅಂಚು ನೆಲದಿಂದ ಎಷ್ಟು ಮಿಲಿಮೀಟರ್ ಎತ್ತರದಲ್ಲಿದೆ ನೋಡಿ, ಆಮೇಲೆ ಸವಾರ ಏರಿ ಕೂತಾಗ ಎಷ್ಟಾಯಿತು ನೋಡಿ. 'ಬೈಸಿಕ್ಲಿಂಗ್' ಪತ್ರಿಕೆಯ ತಾಂತ್ರಿಕ ಸಂಪಾದಕರಾಗಿದ್ದ ಫ್ರಾಂಕ್ ಬರ್ಟೊ, ಟೈರು ತನ್ನ ಎತ್ತರದ ಶೇಕಡಾ 15ರಷ್ಟು ಕುಸಿಯುವುದು ಸರಿ ಎಂದು ಬಹಳ ಹಿಂದೆಯೇ ಲೆಕ್ಕ ಕಟ್ಟಿದ್ದರು. 28 ಮಿ.ಮೀ. ಟೈರಿಗೆ ಅದು ನಾಲ್ಕು ಮಿಲಿಮೀಟರ್ ಚಿಲ್ಲರೆ. ಈಗಿನ ಮೆತುವಾದ ಟೈರುಗಳಿಗೆ ಇನ್ನೂ ಒಂದು ಮಿಲಿಮೀಟರ್ ಕುಸಿದರೂ ಅಡ್ಡಿಯಿಲ್ಲ. ಎರಡೇ ಮಿಲಿಮೀಟರ್ ಕುಸಿದರೆ ಹವಾ ಹೆಚ್ಚಾಗಿದೆ ಎಂದು ಕಣ್ಣುಮುಚ್ಚಿ ಹೇಳಬಹುದು.

ಇಷ್ಟಕ್ಕೇ ಒಪ್ಪುವವರು ಕಡಿಮೆ. ಟೈಟ್ ಹವಾ ಹಾಕಿದಾಗ ಸೈಕಲ್ ಹಗುರವಾಗಿ ಓಡುತ್ತದೆ, ಇದು ಅನುಭವ ಅಲ್ಲವೇ ಎಂಬುದು ಮೊದಲ ತಕರಾರು. ಅನುಭವ ಹೌದು, ಆದರೆ ಅದು ಕೈಗೂ ಸೊಂಟಕ್ಕೂ ಬಂದ ಅನುಭವ, ಗಡಿಯಾರದ್ದಲ್ಲ. ಗಟ್ಟಿ ಟೈರು ರಸ್ತೆಯ ಪ್ರತಿ ಹರಳನ್ನೂ ಹ್ಯಾಂಡಲ್ಲಿಗೆ ಮುಟ್ಟಿಸುತ್ತದೆ, ಆ ಝುಮ್ಮೆನ್ನುವ ನಡುಕವನ್ನು ಮೈ ವೇಗವೆಂದು ಓದಿಕೊಳ್ಳುತ್ತದೆ. ರೇಸಿನವರು ಹಾಗೇ ಮಾಡುತ್ತಾರಲ್ಲ ಎಂಬುದು ಎರಡನೆಯದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ದೇಶಕ್ಕೆ ಸೈಕ್ಲಿಸ್ಟುಗಳನ್ನು ಕೊಡುತ್ತ ಬಂದಿವೆ, ಅಲ್ಲಿಯ ಹುಡುಗರ ಮಾತಿಗೆ ನಮ್ಮ ಸೀಮೆಯಲ್ಲಿ ಬೆಲೆಯಿದೆ. ಆದರೆ ವೆಲೊಡ್ರೋಮಿನ ನುಣುಪು ಟ್ರ್ಯಾಕಿನಲ್ಲಿ ಎರಡನೆಯ ನಷ್ಟ ಇಲ್ಲವೇ ಇಲ್ಲ, ಅಲ್ಲಿ 120ರ ಮೇಲೆ ತುಂಬಿದರೂ ಅದು ಸರಿಯಾದ ಲೆಕ್ಕವೇ. ಅದೇ ವೃತ್ತಿಪರರು ಫ್ರಾನ್ಸಿನ ಪ್ಯಾರಿಸ್-ರೂಬೆ ಪಂದ್ಯಕ್ಕೆ, ಅದರ ಕಲ್ಲುಹಾಸಿನ ದಾರಿಗೆ ಹೊರಟಾಗ 30 ಮಿ.ಮೀ. ದಾಟಿದ ಟೈರು ಹಾಕಿ ಗಾಳಿ ಇಳಿಸಿಕೊಂಡೇ ಹೋಗುತ್ತಾರೆ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಡಾಂಬರು ರಸ್ತೆಗೂ 23 ಮಿ.ಮೀ. ಟೈರು, ನೂರರ ಮೇಲಿನ ಗಾಳಿ ಎನ್ನುತ್ತಿದ್ದವರೇ ಈಗ 28, 30ಕ್ಕೆ ಬಂದಿದ್ದಾರೆ. ನಮ್ಮಲ್ಲಿ ಹಳೆಯ ಸಲಹೆ ಇನ್ನೂ ಚಾಲ್ತಿಯಲ್ಲಿದೆ.

ಪಂಚರಿನ ಭಯ ಇವೆರಡಕ್ಕಿಂತ ಗಟ್ಟಿಯಾದ ತಕರಾರು. ಹವಾ ಕಮ್ಮಿಯಾದರೆ ಗುಂಡಿಯ ಅಂಚಿಗೆ ಬಡಿದಾಗ ಟೈರು ರಿಮ್ಮಿನವರೆಗೂ ಚಪ್ಪಟೆಯಾಗಿ ನಡುವೆ ಸಿಕ್ಕ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಇದು ನಿಜ, ಇದಕ್ಕಾಗಿಯೇ ಇಳಿಸುವುದಕ್ಕೂ ಒಂದು ತಳವಿದೆ. 25 ಮಿ.ಮೀ. ಟೈರಿನಲ್ಲಿ ಎಂಬತ್ತು ಕಿಲೋ ಹೊತ್ತು 60ಕ್ಕೆ ಇಳಿಯುವುದು ಹುಂಬತನ. ಉತ್ತರವಿರುವುದು ಅಗಲದಲ್ಲಿ: ಚೌಕಟ್ಟಿನಲ್ಲಿ ಜಾಗ ಇರುವಷ್ಟು ಅಗಲದ ಟೈರು ಹಾಕಿ, ಆಮೇಲೆ ಗಾಳಿ ಇಳಿಸಿ. ಆದರೆ ಈ ಭಾಗದ ಪಂಚರುಗಳಲ್ಲಿ ರಸ್ತೆಯಂಚಿನ ಜಾಲಿ ಮುಳ್ಳಿನ ಪಾಲು ಸಣ್ಣದಲ್ಲ, ಮುಳ್ಳಿಗೆ ಹೆಚ್ಚು ಹವಾ ಮದ್ದಲ್ಲ. ಬಿಗಿದ ಟೈರು ಮುಳ್ಳಿಗೆ ಬಾಗಿ ಕೊಡುವುದಿಲ್ಲ, ನೇರ ಒಳಗೆ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಮದ್ದು ಗಟ್ಟಿ ಪಟ್ಟಿಯಿರುವ ಟೈರು, ಇಲ್ಲವೇ ಒಳಗೆ ಸೀಲಂಟ್ ದ್ರವ ಹಾಕಿದ ಟ್ಯೂಬ್‌ಲೆಸ್. ಟ್ಯೂಬೇ ಇಲ್ಲದ ಮೇಲೆ ಹಾವು ಕಚ್ಚುವ ಮಾತೂ ಇಲ್ಲ, ಇನ್ನೂ ಐದು ಪಿಎಸ್‌ಐ ಇಳಿಸಲು ದಾರಿಯಾಗುತ್ತದೆ.

ಬಿಸಿಲಿನ ಪ್ರಶ್ನೆ ಕಲಬುರಗಿಯವರು ಕೇಳಲೇಬೇಕಾದದ್ದು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ, ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ಆದರೆ ಏರುವುದು ಜನ ಹೆದರುವಷ್ಟಲ್ಲ: 70ರ ಆಸುಪಾಸಿನಲ್ಲಿ ಹತ್ತು ಡಿಗ್ರಿಗೆ ಸುಮಾರು ಮೂರು ಪಿಎಸ್‌ಐ. ಬೆಳಿಗ್ಗೆ 28 ಡಿಗ್ರಿಯಲ್ಲಿ 70 ತುಂಬಿದ ಟೈರು ಕಮಲಾಪುರದ ಹೋಟೆಲಿನ ಮುಂದೆ ಬಿಸಿಲಿಗೆ ನಿಂತು 50 ಡಿಗ್ರಿಗೆ ಕಾದರೆ 76 ಆಗುತ್ತದೆ. 110 ತಡೆಯುವ ಟೈರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಬೆಳಿಗ್ಗೆಯೇ ಗರಿಷ್ಠಕ್ಕೆ ತುಂಬಿದವರಿಗೆ ಏರಲು ಜಾಗವೇ ಉಳಿದಿರುವುದಿಲ್ಲ. ಹುಕ್‌ಲೆಸ್ ರಿಮ್ಮು ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ಟೈರನ್ನು ಹಿಡಿದಿಡುವ ಕೊಕ್ಕೆಯ ಅಂಚು ಆ ರಿಮ್ಮಿಗೆ ಇಲ್ಲದ ಕಾರಣ ಅದಕ್ಕೆ ವಿಧಿಸಿರುವ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. 2024ರ ಫೆಬ್ರುವರಿಯಲ್ಲಿ ಯುಎಇ ಟೂರ್ ಪಂದ್ಯದಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರು ಇಂಥ ರಿಮ್ಮಿನಿಂದ ಕಳಚಿ ಜೋತಾಡಿದ್ದು ದೊಡ್ಡ ಚರ್ಚೆಯಾಯಿತು. ತೂಕದವರಿಗೆ 72ರ ಮೇಲೆ ಬೇಕಾದೀತು ಎನ್ನಿಸಿದರೆ ಅಗಲದ ಟೈರು ಹಾಕಬೇಕು, ಇಲ್ಲವೇ ಬೇರೆ ರಿಮ್ಮು ನೋಡಬೇಕು, ಮೂರನೆಯ ದಾರಿಯಿಲ್ಲ. ಬೇಸಿಗೆ ಮುಗಿದು ಮಳೆ ಹಿಡಿದಾಗ ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನು ರಸ್ತೆಗೆ ತಂದು ಹಚ್ಚುತ್ತವೆ. ಆ ದಿನಗಳಲ್ಲಿ ಮತ್ತೊಂದು ಐದು ಇಳಿಸಿದರೆ ಹಿಡಿತಕ್ಕೆ ಒಳ್ಳೆಯದು.

ಟ್ರಯಥ್ಲಾನ್ ಮಂದಿಯ ಲೆಕ್ಕ ಒಂದು ಕಡೆ ಬದಲಾಗುತ್ತದೆ. ಅವರು ಏರೋಬಾರಿನ ಮೆತ್ತೆಗಳ ಮೇಲೆ ಮುಂಗೈ ಊರಿ ಮುಂದಕ್ಕೆ ಬಾಗಿರುತ್ತಾರೆ, ಭಾರವೂ ಮುಂದಕ್ಕೆ ಸರಿಯುತ್ತದೆ. ಎಂಬತ್ತು ಕಿಲೋದಲ್ಲಿ 41 ಹಿಂದೆ, 39 ಮುಂದೆ ಎನ್ನುವಷ್ಟು ಸಮ. ಆದ್ದರಿಂದ ರೋಡ್ ಬೈಕಿನ ಐದು ಪಿಎಸ್‌ಐ ಅಂತರ ಇಲ್ಲಿ ಬೇಡ, ಒಂದೆರಡು ಸಾಕು. ಅನುಮಾನವಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಒಂದು ಚಕ್ರ, ಅಷ್ಟೇ ಎತ್ತರದ ಹಲಗೆಯ ಮೇಲೆ ಇನ್ನೊಂದು ಇಟ್ಟು, ಓಡಿಸುವ ಭಂಗಿಯಲ್ಲೇ ಕೂತು ನೋಡಬಹುದು. ಇವರದೊಂದು ತಕರಾರು ಇದೆ: ಗಂಟೆಗೆ 35 ಕಿ.ಮೀ. ವೇಗದಲ್ಲಿ ಶಕ್ತಿ ತಿನ್ನುವುದು ಬಹುಪಾಲು ಎದುರುಗಾಳಿ, ಟೈರಿನ ಪ್ರತಿರೋಧ ಯಾವ ಮೂಲೆಗೆ? ಗಾಳಿಯ ಮಾತು ಸರಿ, ಅದಕ್ಕಾಗಿ ಮುಂದಿನ ಟೈರು ರಿಮ್ಮಿಗಿಂತ ತುಸು ಕಿರಿದಾಗಿರಲಿ ಎಂದು ಬಲ್ಲವರು ಹೇಳುವುದೂ ಸರಿ. ಆದರೆ ಗಾಳಿಯನ್ನು ಸೀಳುವುದು ಟೈರಿನ ಅಗಲ, ಒಳಗಿನ ಒತ್ತಡವಲ್ಲ. ಕಿರಿದಾದ ಟೈರಿಗೂ ಅದರ ಅಗಲಕ್ಕೆ ತಕ್ಕ ಗಾಳಿಯೇ ಸಾಕು. 2019ರಲ್ಲಿ ಶುರುವಾದ ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಯನ್ನೇ ತೆಗೆದುಕೊಳ್ಳಿ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಅದರ ಬೆನ್ನಿಗೇ 21.1 ಕಿ.ಮೀ. ಓಟ. ಮೂರು ಗಂಟೆ ಒಂದೇ ಭಂಗಿಯಲ್ಲಿ ಭುಜ, ಬೆನ್ನು ನಡುಗಿಸಿಕೊಂಡು ಬಂದವರು ಅದರ ಬೆಲೆ ತೆರುವುದು ಓಟದಲ್ಲಿ, ಅದು ಯಾವ ಪವರ್ ಮೀಟರಿನಲ್ಲೂ ದಾಖಲಾಗುವುದಿಲ್ಲ. ಜೊತೆಗೆ ಏರೋಬಾರಿನಲ್ಲಿರುವಾಗ ಕೈ ಬ್ರೇಕಿನ ಹತ್ತಿರ ಇರುವುದಿಲ್ಲ. ಪುಟಿಯುವ ಮುಂಚಕ್ರ ಆ ಹೊತ್ತಿನಲ್ಲಿ ಯಾರಿಗೂ ಬೇಡ. ಇಲ್ಲಿ ತುಂಬಿದ ಗಾಳಿ ಸಮುದ್ರ ಮಟ್ಟಕ್ಕೆ ಹೋದಾಗ ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕಲಬುರಗಿ ಸಮುದ್ರಕ್ಕಿಂತ ನಾನೂರೈವತ್ತು ಮೀಟರ್ ಎತ್ತರ, ಅದರಿಂದ ಆಗುವ ವ್ಯತ್ಯಾಸ ಒಂದು ಪಿಎಸ್‌ಐ ಕೂಡ ಇಲ್ಲ.

ಇದೆಲ್ಲ ಗೇಜ್ ಇದ್ದರೆ ಮಾತ್ರ ಸಾಧ್ಯ. ನೆಲದ ಮೇಲೆ ನಿಲ್ಲಿಸಿ ಹೊಡೆಯುವ, ಗೇಜ್ ಇರುವ ಪಂಪು ಮನೆಯಲ್ಲಿರಬೇಕು. ಒಂದು ಪಂಪಿನ 70 ಇನ್ನೊಂದರಲ್ಲಿ 75 ತೋರಿಸಬಹುದು, ಚಿಂತೆಯಿಲ್ಲ, ಯಾವಾಗಲೂ ಅದೇ ಪಂಪು ಬಳಸಿದರೆ ಸಾಕು. ಪಂಚರ್ ಅಂಗಡಿಯ ಕಂಪ್ರೆಸರ್ ಲಾರಿ, ಮೋಟರ್ ಸೈಕಲ್ಲುಗಳದ್ದು. ರೋಡ್ ಬೈಕಿನ ಟೈರಿನಲ್ಲಿ ಜಾಗ ಇರುವುದೇ ಇಷ್ಟು, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಗುರಿ ದಾಟಿ ಹೋಗುತ್ತದೆ. ಸಪೂರ ಪ್ರೆಸ್ಟಾ ವಾಲ್ವಿಗೆ ಅದರ ಬಾಯಿ ಕೂರುವುದೂ ಇಲ್ಲ, ಹಿತ್ತಾಳೆಯ ಅಡಾಪ್ಟರ್ ಬೇಕು. ಸಾಮಾನ್ಯ ಬ್ಯೂಟೈಲ್ ಟ್ಯೂಬು ವಾರಕ್ಕೆ ಕೆಲವು ಪಿಎಸ್‌ಐ ತಾನಾಗಿಯೇ ಬಿಟ್ಟುಕೊಡುತ್ತದೆ, ಲೇಟೆಕ್ಸ್ ಟ್ಯೂಬು ಒಂದೇ ರಾತ್ರಿಯಲ್ಲಿ ಅದಕ್ಕಿಂತ ಹೆಚ್ಚು, ಆದ್ದರಿಂದ ಅಳೆಯುವುದು ಹೊರಡುವ ಮುಂಚೆಯೇ ಆಗಬೇಕು. ತನ್ನ ಸಂಖ್ಯೆ ಹುಡುಕಿಕೊಳ್ಳಬೇಕೆನ್ನುವವರು ಮಹಾಗಾಂವ ಕ್ರಾಸಿನಿಂದ ಕಮಲಾಪುರದ ಕಡೆಗಿನ ಒಂದೇ ತುಂಡು ರಸ್ತೆಯನ್ನು ಗೊತ್ತು ಮಾಡಿಕೊಂಡು, ಮೇಲೆ ಹೇಳಿದ ಅಂಕಿಯಿಂದ ಪ್ರತಿ ಸಲ ಮೂರು ಪಿಎಸ್‌ಐ ಇಳಿಸುತ್ತ ಹೋಗಲಿ. ತಿರುವಿನಲ್ಲಿ ಹಿಂದಿನ ಚಕ್ರ ಹೊಯ್ದಾಡಿದಂತಾದರೆ, ಹಂಪಿನ ಮೇಲೆ ರಿಮ್ಮು ಟಕ್ಕೆಂದು ನೆಲ ಮುಟ್ಟಿದರೆ ಇಳಿಸಿದ್ದು ಹೆಚ್ಚಾಯಿತು, ಹಿಂದಿನ ಅಂಕಿಗೆ ಮರಳಬೇಕು. ಈ ಲೆಕ್ಕ ತಿಳಿದಿದ್ದರೆ ದಾರಿಯಲ್ಲಿ ಪಂಚರಾದಾಗಲೂ ಒಂದು ಅನುಕೂಲವಿದೆ. ಜೇಬಿನ ಪುಟ್ಟ ಪಂಪಿನಿಂದ ನೂರು ಪಿಎಸ್‌ಐ ಏರಿಸಲು ತೋಳು ಬಿದ್ದುಹೋಗುತ್ತದೆ, ಅರವತ್ತಕ್ಕೆ ಏರಿಸುವುದು ಯಾರಿಂದಲೂ ಆಗುತ್ತದೆ. 28 ಮಿ.ಮೀ. ಟೈರಿನಲ್ಲಿ ಆ ಅರವತ್ತರ ಮೇಲೆಯೇ, ಹಂಪು ಬಂದಾಗ ಸೀಟಿನಿಂದ ಸ್ವಲ್ಪ ಎದ್ದು, ಕುರಿಕೋಟಾ ಸೇತುವೆ ದಾಟಿ ಕಲಬುರಗಿಯವರೆಗೆ ನಿರಾಳವಾಗಿ ಬರಬಹುದು.